ಉಪ್ಪಿನ ಬೆಲೆ, ರಸ್ತೆಯ ಬೆಲೆ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಹಳ್ಳಿರಸ್ತೆಗಳ ಹಿಮ ತೆಗೆಸುವುದು ಆಯಾ ಊರಿನ ಹೊಣೆ. ಮಾರ್ಚ್ ತಿಂಗಳ ಮೊದಲ ಮಂಗಳವಾರ ನಡೆಯುವ ಊರಸಭೆಯ ಹೊತ್ತಿಗೆ ರಸ್ತೆಯ ಖರ್ಚು ಜನರ ಮತಕ್ಕೆ ಬರುತ್ತದೆ. ತೆರಿಗೆ ಕೊಡುವವರೇ ಆ ರಸ್ತೆಯಲ್ಲಿ ಓಡಾಡುವವರೂ ಆಗಿರುವುದು ಈ ಪದ್ಧತಿಯ ದೊಡ್ಡ ಗುಣ. ಊರರಸ್ತೆಗಳನ್ನು ದರ್ಜೆಗಳಾಗಿ ವಿಂಗಡಿಸುವ ಕಾನೂನಿನಲ್ಲೂ ವಿವೇಕವಿದೆ. ಮೂರನೇ ದರ್ಜೆಯ ರಸ್ತೆಯಲ್ಲಿ ವರ್ಷವಿಡೀ ಮಾಮೂಲಿ ಕಾರು ಸಾಗುವಂತಿರಬೇಕು ಎನ್ನುತ್ತದೆಯೇ ಹೊರತು ಹಿಮದ ಕುರುಹೇ ಇರಬಾರದು ಎನ್ನುವುದಿಲ್ಲ. ನಾಲ್ಕನೇ ದರ್ಜೆಯ ರಸ್ತೆಯನ್ನು ನೋಡಿಕೊಳ್ಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ಹಿಮ ನಿಂತ ಕೂಡಲೇ ಡಾಂಬರು ಬೋಳಾಗಿ ಕಾಣಬೇಕೆಂಬ ಹಂಬಲ ಈ ವಿವೇಕವನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಉಪ್ಪು ಸುರಿಯುವುದೇ ಸುಲಭದ ದಾರಿಯಾಗುತ್ತದೆ. ಊರಿನ ಬಜೆಟ್ಟಿನಲ್ಲಿ ಉಪ್ಪಿನ ಖರೀದಿ ಬೆಲೆ ಮಾತ್ರ ನಮೂದಾಗುತ್ತದೆ, ಅದು ಮಾಡುವ ಹಾನಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪದ್ಧತಿಯ ನಿಜವಾದ ಕೊರತೆ ಇದೇ.

ತಾಪಮಾನ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಮಾನ್ಯ ಉಪ್ಪಿನ ಕರಗಿಸುವ ಶಕ್ತಿ ಬೇಗ ಕುಂದುತ್ತದೆ. ವರ್ಮಾಂಟಿನ ಜನವರಿ ರಾತ್ರಿಗಳಲ್ಲಿ ಅಷ್ಟು ಚಳಿ ಮಾಮೂಲು. ಕರಗಿದ ಉಪ್ಪಿನ ಕ್ಲೋರೈಡ್ ಮಣ್ಣಿನಲ್ಲಿ ನಾಶವಾಗದೆ ಬಾವಿಗೂ ಹಳ್ಳಕ್ಕೂ ಇಳಿಯುತ್ತದೆ. ಅದು ಲೀಟರಿಗೆ 230 ಮಿಲಿಗ್ರಾಂ ಮೀರಿ ಬಹುಕಾಲ ಉಳಿದರೆ ಜಲಚರಗಳಿಗೆ ಅಪಾಯವೆಂಬುದು ಅಲ್ಲಿನ ಪರಿಸರ ಸಂಸ್ಥೆಯ ಮಾನದಂಡ. ಅದೂ ಅಲ್ಲದೆ, ಅಲ್ಲಿನ ಊರರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಲ್ಲಿಯವು. ಚಳಿಗೆ ಹೆಪ್ಪುಗಟ್ಟಿದ ಜಲ್ಲಿ ತಾನಾಗಿಯೇ ಗಟ್ಟಿ ನೆಲ. ಉಪ್ಪು ಹಾಕಿದರೆ ಮೇಲ್ಪದರ ಕರಗಿ ಕೆಸರಾಗುತ್ತದೆ. ಅದಕ್ಕೇ ಅನುಭವಸ್ಥರು ಅಲ್ಲಿ ಮರಳು ಹರಡುತ್ತಾರೆ. ಮರಳಿನ ರಾಶಿ ಕಲ್ಲಾಗದಿರಲು ಬೇಕಾದಷ್ಟು ಉಪ್ಪನ್ನು ಮಾತ್ರ ಬೆರೆಸುತ್ತಾರೆ.

ಆಂಬುಲೆನ್ಸ್, ಶಾಲಾ ಬಸ್ಸು, ಡೈರಿಗೆ ಬರುವ ಹಾಲಿನ ಟ್ಯಾಂಕರ್ ನಿಲ್ಲುವಂತಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ವಾಹನಗಳಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಹಿಮ ತಳ್ಳಿದ ದಾರಿ, ಏರಿನಲ್ಲೂ ತಿರುವಿನಲ್ಲೂ ಚಕ್ರಕ್ಕೆ ಹಿಡಿತ. ಅದು ಸಿಗುವುದು ಲಾರಿ ಓಡಿಸುವ ನುರಿತ ಕೈಯಿಂದ. ಹಾಗಾಗಿ ಆ ಚಾಲಕರ ಸಂಬಳದಲ್ಲಿ ಉಳಿಸಿ ಉಪ್ಪಿಗೆ ಸುರಿಯುವುದು ಉಳಿತಾಯವೇ ಅಲ್ಲ. ಮರಳಿನಿಂದಲೂ ಚರಂಡಿ, ಮೋರಿ ಕಟ್ಟಿಕೊಳ್ಳುತ್ತವೆ ಎಂಬ ಮಾತೂ ನಿಜ. ಆದರೆ ಮರಳನ್ನು ವಸಂತದಲ್ಲಿ ಗುಡಿಸಿ ತೆಗೆಯಬಹುದು, ಬಾವಿಗಿಳಿದ ಉಪ್ಪನ್ನು ಗುಡಿಸಲಾಗದು. ಊರಸಭೆಗೆ ಬರುವ ಲೆಕ್ಕಪಟ್ಟಿಯಲ್ಲಿ ಟನ್ನುಗಟ್ಟಲೆ ಉಪ್ಪಿನ ಪಕ್ಕದಲ್ಲೇ ಬಾವಿನೀರಿನ ಪರೀಕ್ಷೆಯ ಫಲಿತಾಂಶವೂ ಇರಬೇಕು. ಎರಡನ್ನೂ ನೋಡಿ ಮತ ಹಾಕಿದಾಗಷ್ಟೇ ಆ ಸಭೆ ರಸ್ತೆಯ ಪೂರ್ತಿ ಬೆಲೆಯನ್ನು ತೀರ್ಮಾನಿಸಿದಂತೆ.