ಹಾಸಿಗೆಯ ಬಳಿಯ ಸಾಂತ್ವನ

ಭೀಮೆಗೆ ಬ್ಯಾರೇಜು ಕಟ್ಟಿರುವ ಸೊನ್ನದಂಥ ಊರುಗಳಲ್ಲಿ, ರೋಗಿಯ ಮಂಚದ ಸುತ್ತ ಬಂಧುಗಳು ನೆರೆಯುವುದೂ, ಮಠದ ವಿಭೂತಿಯೋ ದರ್ಗಾದ ತಾಯಿತವೋ ಬರುವುದೂ ಔಷಧದಷ್ಟೇ ಸಹಜವಾದ ಉಪಚಾರವಾಗಿರುವುವು. ದೇಶದ ಮೊದಲ ಕೊರೊನಾ ಮರಣ ಕಲಬುರಗಿಯ ವೃದ್ಧರೊಬ್ಬರದೆಂದು 2020ರ ಮಾರ್ಚಿನಲ್ಲಿ ದೃಢಪಟ್ಟ ಮೇಲೆ ಆ ಸಾಮೀಪ್ಯವೇ ನಿಷಿದ್ಧವಾಯಿತು. ದೇಹವೇದನೆಯೊಡನೆ ಆತ್ಮವೇದನೆಯನ್ನೂ ಗಣಿಸಬೇಕೆಂದು ಉಪಶಾಮಕ ಆರೈಕೆಯ ವೈದ್ಯೆ, ಲಂಡನ್ನಿನ ಸಿಸಿಲಿ ಸಾಂಡರ್ಸ್ ಬೋಧಿಸಿದ್ದುದನ್ನು ಓದಿದವರೂ ಓದದವರೂ ಆದ ದಾದಿಯರು, ಕಣ್ಣಷ್ಟೇ ಕಾಣುವ ಕವಚದೊಳಗೆ ಬೆವರುತ್ತ, ರೋಗಿಯ ಕಿವಿಗೆ ಮೊಬೈಲು ಹಿಡಿದು ಮಗಳ ದನಿಯನ್ನೂ ಇಷ್ಟದೈವದ ನಾಮವನ್ನೂ ಕೇಳಿಸಿದ ಕೌಶಲವನ್ನು ನಾನು ಶಸ್ತ್ರಚಿಕಿತ್ಸೆಗಿಂತ ಕಡಿಮೆಯೆಂದು ಎಣಿಸಲಾರೆ. ಯಾರಿಗೆ ಶಿವನಾಮ, ಯಾರಿಗೆ ಕಲ್ಮಾ, ಯಾರಿಗೆ ಬರಿಯ ಮೌನ ಎಂಬುದನ್ನು ಅರಿಯುವುದೇ ಅದರ ಮರ್ಮ. ಅತಿಯಾದ ಸಮಾಧಾನವೂ ಒಂದು ಉಪದ್ರವವಷ್ಟೆ! ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಮಿಷನ್ ಆಸ್ಪತ್ರೆಗಳಲ್ಲಿ ಈ ಸಾಂತ್ವನದ ಕೆಲಸಕ್ಕೆಂದೇ ಪಾದ್ರಿಗಳೂ ಸೋದರಿಯರೂ ಇರುವರು. ಭೀಮಾತೀರದ ಸರ್ಕಾರಿ ವಾರ್ಡುಗಳಲ್ಲಿ ಅದನ್ನು ದಾದಿಯೇ ಸಂಬಳದ ಲೆಕ್ಕಕ್ಕೆ ಸೇರದ ದುಡಿಮೆಯಾಗಿ ಮಾಡುತ್ತಿರುವಳು.