ಮಲೆಪರ ನಾಡಿನ ಪೊನ್ನು: ಹೊಯ್ಸಳ ಸಾಮಂತಿಕೆ ಮತ್ತು ನಾಣ್ಯಸಾಕ್ಷ್ಯದ ಮಿತಿ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವು ಶಾಸನಗಳ ಸೊಸೆವೂರು. ಇಂದು ಕಾಫಿತೋಟಗಳ ನಡುವೆ ಇರುವ ಈ ಊರಿನ ವಾಸಂತಿಕಾ ದೇವಾಲಯ ಮತ್ತು ಪ್ರಾಚೀನ ಬಸದಿಗಳು ಹೊಯ್ಸಳ ಮನೆತನದ ಮೊದಲ ನೆಲೆಯನ್ನು ಸೂಚಿಸುತ್ತವೆ. ಸಳನು ಹುಲಿಯನ್ನು ಹೊಡೆದ ಐತಿಹ್ಯಕ್ಕೆ ದೊರೆತ ಪ್ರಚಾರದಿಂದಾಗಿ, ಈ ಮನೆತನವು ಸುಮಾರು ಒಂದೂವರೆ ಶತಮಾನ ಕಾಲ ಮಲೆನಾಡಿನ ಒಂದು ಸಣ್ಣ ಸಾಮಂತ ಅರಸೊತ್ತಿಗೆಯಾಗಿತ್ತೆಂಬ ಸಂಗತಿ ಹಿನ್ನೆಲೆಗೆ ಸರಿದಿದೆ. ಈ ಮನೆತನದ ನಾಣ್ಯಗಳನ್ನು ಅರ್ಥೈಸುವಲ್ಲಿ ಆ ಹಿನ್ನೆಲೆಯೇ ಮುಖ್ಯವಾದುದು.

ನೃಪಕಾಮನ ತರುವಾಯ ಬಂದ ವಿನಯಾದಿತ್ಯನ ಕಾಲದಲ್ಲಿ ಮನೆತನಕ್ಕೆ ಸ್ಥಿರತೆ ಒದಗಿತು. ಅವನ ಗುರು ಶಾಂತಿದೇವನ ಮರಣವನ್ನು ದಾಖಲಿಸುವ 1062ರ ಶಾಸನ ಅಂಗಡಿಯಲ್ಲಿಯೇ ಇದೆ. ವಿನಯಾದಿತ್ಯನೂ ಅವನ ಮಗ ಎರೆಯಂಗನೂ ಕಲ್ಯಾಣದ ಚಾಲುಕ್ಯರ ಅಧೀನರು. ಎರೆಯಂಗನು ಒಡೆಯರ ಪರವಾಗಿ ಮಾಳವದ ಧಾರೆಯವರೆಗೆ ದಂಡೆತ್ತಿ ಹೋದವನು. 1108ರಲ್ಲಿ ಪಟ್ಟಕ್ಕೆ ಬಂದ ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡನು. ಹೊಯ್ಸಳರ ಚಿನ್ನದ ನಾಣ್ಯಗಳ ಚರ್ಚೆ ಆರಂಭವಾಗುವುದು ಈ ಘಟನೆಯಿಂದಲೇ.

ಈ ನಾಣ್ಯಗಳಲ್ಲಿ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’, ‘ಶ್ರೀ ಮಲಪರೊಳ್ಗಂಡ’ ಎಂಬ ಲೇಖಗಳಿರುವ ಮೂರು ಬಗೆಗಳು ಪ್ರಸಿದ್ಧವಾಗಿವೆ. ತೂಕ ಸುಮಾರು 4 ಗ್ರಾಂ. ಮುಮ್ಮುಖದಲ್ಲಿ ಸಿಂಹಲಾಂಛನ, ಹಿಮ್ಮುಖದಲ್ಲಿ ಸಾಲುಗಳಾಗಿ ಬಿಡಿಸಿದ ಕನ್ನಡ ಲೇಖ. ವಾಲ್ಟರ್ ಎಲಿಯಟ್ ತಮ್ಮ 1886ರ ಗ್ರಂಥದಲ್ಲಿ ಇವುಗಳ ಮೊದಲೆರಡು ಬಗೆಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಚಾಲುಕ್ಯರ ಚಿನ್ನದ ನಾಣ್ಯಗಳು ತೆಳುವಾದ ಬಿಲ್ಲೆಯ ಮೇಲೆ ಬಿಡಿಬಿಡಿ ಮುದ್ರೆಗಳನ್ನು ಒತ್ತಿ ತಯಾರಾದಂಥವು. ಹೊಯ್ಸಳ ನಾಣ್ಯಗಳಾದರೋ ಎರಡೂ ಮುಖಗಳಿಗೆ ಅಚ್ಚು ಹೊಡೆದ ದಪ್ಪ ಬಿಲ್ಲೆಗಳು. ಒಡೆಯರ ಟಂಕಸಾಲೆಯ ಅನುಕರಣೆ ಇಲ್ಲಿಲ್ಲ.

ಈ ಭಿನ್ನತೆಯನ್ನೂ, ಲೇಖದಲ್ಲಿ ಚಾಲುಕ್ಯ ಅರಸನ ಹೆಸರಿಲ್ಲದಿರುವುದನ್ನೂ ಆಧರಿಸಿ, ನಾಣ್ಯಗಳನ್ನು ಸ್ವಾತಂತ್ರ್ಯ ಘೋಷಣೆಯೆಂದು ಭಾವಿಸುವುದುಂಟು. ಈ ನಿಲುವು ಪುನರ್ವಿಮರ್ಶೆಗೆ ಅರ್ಹವಾಗಿದೆ. ವಿಷ್ಣುವರ್ಧನನು ಸಾಮಂತಿಕೆಯನ್ನು ಕಿತ್ತೊಗೆಯಲು ಯತ್ನಿಸಿದ್ದು ನಿಜ. 1118ರಲ್ಲಿ ದಂಡನಾಯಕ ಗಂಗರಾಜನು ಕನ್ನೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ರಾತ್ರಿವೇಳೆ ದಾಳಿ ನಡೆಸಿದುದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆದರೆ ಆ ಯತ್ನ ನಿಲ್ಲಲಿಲ್ಲ. ಮುಂದೆ ಅವನು ಚಾಲುಕ್ಯರ ಮೇಲಾಳ್ವಿಕೆಯನ್ನು ಒಪ್ಪಿಕೊಳ್ಳಬೇಕಾಯಿತು. ಶಾಸನಗಳಲ್ಲಿ ಅವನು ‘ಮಹಾಮಂಡಳೇಶ್ವರ’ನೇ. ಅದೇ ಶಾಸನಗಳು ‘ತಳಕಾಡುಗೊಂಡ’ ಎಂಬ ಬಿರುದನ್ನೂ ಸಾರುತ್ತವೆ. ಅಂದರೆ ಬಿರುದೂ ಸಾಮಂತಿಕೆಯೂ ಪರಸ್ಪರ ವಿರೋಧಿಗಳಲ್ಲ.

ಕಾಲನಿರ್ಣಯದಲ್ಲಿಯೂ ಇಂಥದೇ ತೊಡಕಿದೆ. ನಾಣ್ಯಗಳ ಮೇಲೆ ಅರಸನ ಅಂಕಿತನಾಮವಿಲ್ಲ, ಶಕವರ್ಷವಿಲ್ಲ. ‘ತಳಕಾಡುಗೊಂಡ’ ಬಿರುದು ಮೊದಲ ನರಸಿಂಹ ಮತ್ತು ಇಮ್ಮಡಿ ಬಲ್ಲಾಳರ ಶಾಸನಗಳಲ್ಲಿಯೂ ಮುಂದುವರಿದಿದೆ. ಆದಕಾರಣ 1116 ಎಂಬುದು ಈ ನಾಣ್ಯಗಳಿಗೆ ಪೂರ್ವಮಿತಿಯೇ ಹೊರತು ಟಂಕನದ ವರ್ಷವಲ್ಲ. ವಿಜಯದ ಬಿರುದನ್ನು ಮೊದಲು ಧರಿಸಿದವನು ವಿಷ್ಣುವರ್ಧನನೆಂಬ ಕಾರಣಕ್ಕೆ ಎಲ್ಲ ನಾಣ್ಯಗಳನ್ನೂ ಅವನಿಗೇ ಸಲ್ಲಿಸುವುದು ಸಂಭಾವ್ಯತೆಯನ್ನು ನಿಶ್ಚಯವೆಂದು ಗ್ರಹಿಸಿದಂತಾಗುತ್ತದೆ.

ಮೂರನೆಯ ಲೇಖ ಇನ್ನೂ ಅರ್ಥಪೂರ್ಣವಾದುದು. ‘ಮಲೆಪರೊಳ್ ಗಂಡ’ ಎಂದರೆ ಗುಡ್ಡನಾಡಿನ ನಾಯಕರಲ್ಲಿ ವೀರ. ತಲಕಾಡೂ ನೊಳಂಬವಾಡಿಯೂ ಗೆದ್ದ ನಾಡುಗಳು. ಮಲೆ ಹುಟ್ಟಿದ ನಾಡು. ಬಯಲುಸೀಮೆಯಲ್ಲಿ ರಾಜ್ಯ ವಿಸ್ತರಿಸಿದ ಮೇಲೂ ಚಿನ್ನದ ಮೇಲೆ ಸೊಸೆವೂರಿನ ಸುತ್ತಣ ಬೆಟ್ಟಗಳ ನೆನಪು ಉಳಿಯಿತು. ಘಟ್ಟದ ಕೆಳಗಿನ ಆಳುಪರ ಜೋಡಿಮೀನಿನ ನಾಣ್ಯಗಳಲ್ಲಿಯೂ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದು ನಾಗರಿ ಲಿಪಿಯಲ್ಲಿ ಕಾಣುತ್ತದೆ. ನೆರೆಯ ಈ ಎರಡು ಮನೆತನಗಳೂ ಬಿರುದನ್ನೇ ಟಂಕಿಸಿದುದು ಗಮನಾರ್ಹ. ಆಳುಪರು ನಾಗರಿಯನ್ನೂ ಬಳಸಿದ ಕಡೆ ಹೊಯ್ಸಳರು ಕನ್ನಡವನ್ನು ಆಯ್ದರು.

ಶಾಸನಗಳ ದತ್ತಿವಿವರಗಳಲ್ಲಿ ಬರುವ ಗದ್ಯಾಣ, ಪಣ, ಹಾಗ, ವೀಸಗಳು ಲೆಕ್ಕದ ಮಾನಗಳೂ ಹೌದು. ‘ಗದ್ಯಾಣ’ ಕಂಡಲ್ಲೆಲ್ಲ ಸಿಂಹಲಾಂಛನದ ಹೊಯ್ಸಳ ನಾಣ್ಯವನ್ನು ಊಹಿಸಲಾಗದು. ಚಾಲುಕ್ಯರ ಕಾಲದ ಲೊಕ್ಕಿಗದ್ಯಾಣವು ತನ್ನ ಟಂಕಸಾಲೆಯ ಊರಾದ ಲೊಕ್ಕಿಗುಂಡಿಯ ಹೆಸರನ್ನು ಹೊತ್ತಿತ್ತೆಂಬುದು ಈ ವಿವೇಚನೆಯ ಅಗತ್ಯವನ್ನು ತೋರಿಸುತ್ತದೆ.

ಹೊಯ್ಸಳರು ಸಾರ್ವಭೌಮ ಬಿರುದುಗಳನ್ನು ನಿಸ್ಸಂದಿಗ್ಧವಾಗಿ ಧರಿಸಿದುದು ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1190ರ ದಶಕದ ಆರಂಭದ ವಿಜಯಗಳ ಬಳಿಕ. ವಿಷ್ಣುವರ್ಧನನ ಗೆಲುವಿಗೂ ಈ ಘಟ್ಟಕ್ಕೂ ನಡುವಣ ಮುಕ್ಕಾಲು ಶತಮಾನವನ್ನು ಗುಲಾಮಿತನ ಅಥವಾ ಸ್ವಾತಂತ್ರ್ಯ ಎಂಬ ಎರಡೇ ಪದಗಳಲ್ಲಿ ಅಳೆಯಲಾಗದು. ಕಲ್ಲು ಒಡೆಯನನ್ನು ನೆನೆಯಿತು, ಚಿನ್ನ ಅವನನ್ನು ಬಿಟ್ಟಿತು. ಎರಡೂ ಒಂದೇ ಅರಮನೆಯ ಮಾತುಗಳು. ಇವುಗಳಲ್ಲಿ ಒಂದನ್ನೇ ಆಲಿಸಿದ ಇತಿಹಾಸ ಅಪೂರ್ಣವಾಗಿಯೇ ಉಳಿಯುತ್ತದೆ.