ಬಣ್ಣಕ್ಕೆ ಒರೆಗಲ್ಲಿಲ್ಲ

ನಮ್ಮ ಮನೆಯಲ್ಲಿ ಬೆಳ್ಳಿ ಕಪ್ಪಾದರೆ ಒಂದೇ ಮದ್ದು. ಹುಣಸೆಹಣ್ಣು, ಅದಿಲ್ಲದಿದ್ದರೆ ವಿಭೂತಿ. ಗೌರಿ ಹಬ್ಬದ ಹಿಂದಿನ ದಿನ ಅಮ್ಮ ದೀಪ, ಕುಂಕುಮದ ಬಟ್ಟಲು ಎಲ್ಲಾನೂ ಹಿತ್ತಲಲ್ಲಿ ಹರಡಿಕೊಂಡು ಕೂರ್ತಾಳೆ. ಹಾಗಾಗಿ ನಾನು ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಿಂದ ಅಂಚಿನಲ್ಲಿ ನೀಲಿ, ನಡುವೆ ನೇರಳೆ, ಗಾಂಧಿ ಮುಖದ ಮೇಲೆ ಗುಲಾಬಿ ತಿರುಗಿದ ಬೆಳ್ಳಿ ನಾಣ್ಯ ತಂದು ತೋರಿಸಿದಾಗ ಅವಳು ಕೇಳಿದ್ದು ಇಷ್ಟೇ: “ಇದೇನೋ, ಹಿಂಗೆ ಕೆಟ್ಟೋಗೈತೆ? ಕೊಡಿಲ್ಲಿ, ಉಜ್ಜಿ ಕೊಡ್ತೀನಿ.”

ಬಣ್ಣ ಇಲ್ಲದ ಅದೇ ನಾಣ್ಯಕ್ಕಿಂತ ಮೂರು ಪಟ್ಟು ದುಡ್ಡು ಕೊಟ್ಟಿದೀನಿ ಅಂತ ಹೇಳುವ ಧೈರ್ಯ ಬರಲಿಲ್ಲ.

ಅದು 1969ರಲ್ಲಿ ಗಾಂಧೀಜಿಯ ಜನ್ಮಶತಾಬ್ದಿಗೆ ಬಂದ ಹತ್ತು ರೂಪಾಯಿಯ ನಾಣ್ಯ. ತೂಕ 15 ಗ್ರಾಂ, ಅದರಲ್ಲಿ ಶೇ. 80 ಬೆಳ್ಳಿ. ಜನರ ಕೈಗೆ ಸಿಕ್ಕ ಸಾಮಾನ್ಯ ನಾಣ್ಯದ ಜೊತೆಗೆ, ಸಂಗ್ರಹಕಾರರಿಗೆ ಅಂತಲೇ ಬಾಂಬೆ ಟಂಕಸಾಲೆ ‘ಬಿ’ ಗುರುತಿನ ಪ್ರೂಫ್ ನಾಣ್ಯವನ್ನೂ ಹೊಡೆಯಿತು. ಪ್ರೂಫ್ ಅಂದರೆ ಅಚ್ಚನ್ನೂ ಬಿಲ್ಲೆಯನ್ನೂ ಕನ್ನಡಿಯಂತೆ ಪಾಲಿಶ್ ಮಾಡಿ, ಹೆಚ್ಚು ಒತ್ತಡದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದ ನಾಣ್ಯ. ಬಯಲಿನಲ್ಲಿ ನಿಮ್ಮ ಮುಖ ಕಾಣಬೇಕು, ಅದಕ್ಕೇ ಅದು ಇರೋದು. ಈ ಕನ್ನಡಿಯ ಮೇಲೆ ಕಾಲಕ್ರಮದಲ್ಲಿ ಕೂರುವ ಬಣ್ಣಕ್ಕೆ ಟೋನಿಂಗ್ ಅಂತಾರೆ. ತಾನಾಗಿ ಬಂದರೆ ನ್ಯಾಚುರಲ್, ಯಾರಾದರೂ ತರಿಸಿದರೆ ಆರ್ಟಿಫಿಶಿಯಲ್. ಮೊದಲನೆಯದಕ್ಕೆ ಹೆಚ್ಚು ಬೆಲೆ, ಎರಡನೆಯದಕ್ಕೆ ಛೀಮಾರಿ.

ನನಗೆ ಮಾರಿದವರು ನಾಣ್ಯದ ಜೊತೆ ಒಂದು ಕತೆಯನ್ನೂ ಕೊಟ್ಟರು. “ಕೆಜಿಎಫ್ ಗಣಿ ಕಾರ್ಮಿಕರ ಮನೆಯದು ಸಾರ್, ನಲವತ್ತು ವರ್ಷ ಟ್ರಂಕ್‌ನಲ್ಲೇ ಇತ್ತು.” ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವನು. ಮಾರಿಕುಪ್ಪಂ ಗಾಡಿ ನೋಡುತ್ತಾ ಬೆಳೆದವನು, ಅದೇ ಲೈನಿನ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಕೆಲಸಕ್ಕೆ ಹೋದವನು. ಕೆಜಿಎಫ್ ಅಂದ ತಕ್ಷಣ ಕರಗಿಬಿಟ್ಟೆ. ಹೊಸದೊಂದು ಫ್ರೇಮ್‌ವರ್ಕ್ ಬಂದರೆ ನಾಲ್ಕು ದಿನ ಪರೀಕ್ಷೆ ಮಾಡಿ ಆಮೇಲೆ ಬಳಸೋ ನಾನು, ಈ ಒಂದು ಮಾತನ್ನು ಪರೀಕ್ಷೆ ಮಾಡಲೇ ಇಲ್ಲ.

ಪರೀಕ್ಷೆ ಆಗಿದ್ದು ಆಂಡರ್ಸನ್‌ಪೇಟೆಯ ಗೆಳೆಯನ ಮನೆಯಲ್ಲಿ. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದು ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ಹೊತ್ತಿಗೆ ಅವರು ಇರಲಿಲ್ಲ, ಅವರ ಟ್ರಂಕ್ ಇತ್ತು. ನನ್ನ ನಾಣ್ಯ ನೋಡಿ ಗೆಳೆಯ ಒಳಗೆ ಹೋಗಿ ಒಂದು ಪೌಡರ್ ಡಬ್ಬಿ ತಂದ. ಹಳೇ ತಮಿಳು ಪೇಪರಿನಲ್ಲಿ ಸುತ್ತಿದ ಅದೇ ಗಾಂಧಿ ಹತ್ತು ರೂಪಾಯಿ. ಪ್ರೂಫ್ ಅಲ್ಲ, ಸಾಮಾನ್ಯದ್ದು. ಆದರೆ ಲೋಹ ಅದೇ, ವರ್ಷ ಅದೇ. ಅಂಚಿನಲ್ಲಿ ಕಂದು, ಒಳಗೆ ಬರ್ತಾ ಬರ್ತಾ ಕಾಫಿ ಕಲೆಯಂಥ ಹಳದಿ, ಪೇಪರ್ ಮಡಿಕೆ ತಾಗಿದ ಕಡೆ ಒಂದು ಕಪ್ಪು ಗೆರೆ. ಚೆನ್ನಾಗೇನೂ ಇರಲಿಲ್ಲ. “ಟ್ರಂಕಲ್ಲಿ ಇಟ್ರೆ ಹಿಂಗಾಗ್ತದೆ ಮಚ್ಚಾ. ನಿಂದು ಹೋಳಿ ಆಡ್ಕೊಂಡು ಬಂದಂಗಿದೆ” ಅಂದ.

ಹಾಗಂತ ಚೆಂದ ಇರೋದೆಲ್ಲ ಸುಳ್ಳು ಅನ್ನೋಕಾಗಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಬೆಳ್ಳಿ ಸಲ್ಫೈಡ್‌ನ ಪದರ ಕಟ್ಟುತ್ತದೆ. ಸೌದೆ ಹೊಗೆ, ಅಗ್ಗದ ರಟ್ಟು, ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಎಲ್ಲದರಲ್ಲೂ ಗಂಧಕ ಉಂಟು. ಪದರದ ದಪ್ಪ ಬರೀ ಕೆಲವು ಹತ್ತು ನ್ಯಾನೋಮೀಟರ್. ಮೇಲ್ಮೈಯಿಂದ ಬಂದ ಬೆಳಕೂ ಅಡಿಯಿಂದ ಬಂದ ಬೆಳಕೂ ಒಂದಕ್ಕೊಂದು ಬೆರೆತು ಬಣ್ಣ ಕಾಣಿಸುತ್ತೆ, ಮಳೆ ಬಿದ್ದ ರಸ್ತೆಯಲ್ಲಿ ಪೆಟ್ರೋಲ್ ಹರಡಿದಾಗ ಕಾಣೋ ಹಾಗೆ. ಪದರ ದಪ್ಪವಾದಂತೆ ಬಣ್ಣಗಳು ಒಂದು ಕ್ರಮದಲ್ಲೇ ಬರುತ್ತವೆ: ತಿಳಿಹಳದಿ, ಬಂಗಾರ, ಕೆಂಪು ನೇರಳೆ, ನೀಲಿ. ಆಮೇಲೆ ಇನ್ನೊಂದು ಸುತ್ತು ಹಳದಿ, ಗುಲಾಬಿ, ಹಸಿರು. ಕೊನೆಗೆ ಕಪ್ಪು.

ಇದನ್ನು ಓದಿ ಸುಮ್ಮನಿರಲಾಗದೆ 1944ರ ಸವೆದ ಒಂದು ರೂಪಾಯಿಯನ್ನು, ಅದು ಅರ್ಧ ಬೆಳ್ಳಿಯದು, ಬೇಯಿಸಿದ ಮೊಟ್ಟೆಯ ಹಳದಿ ಭಾಗದ ಪಕ್ಕದಲ್ಲಿಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದೆ. ಒಂದೇ ಸಂಜೆಯಲ್ಲಿ ಬಂಗಾರ, ನೇರಳೆ, ನೀಲಿ ಎಲ್ಲಾ ಬಂದವು. ಹೆಚ್ಚು ಹೊತ್ತು ಮರೆತಿದ್ದಕ್ಕೆ ಒಂದು ಕಡೆ ಕಪ್ಪಾಯ್ತು. ನಲವತ್ತು ವರ್ಷದ ಕೆಲಸ ನಾಲ್ಕು ಗಂಟೆಯಲ್ಲಿ ಮುಗೀತು. ಅಡುಗೆಮನೆಯ ವಾಸನೆಗೆ ಅಮ್ಮ ಬೈದಿದ್ದು ಬೇರೆ.

ಇನ್ನು ಕಂಡುಹಿಡಿಯೋದು ಹೇಗೆ? ಭೂತಗನ್ನಡಿಯಲ್ಲಿ ನನ್ನ ನಾಣ್ಯ ನೋಡಿದೆ. ನೀಲಿಯ ಪಕ್ಕ ನೇರ ಹಳದಿ, ನಡುವೆ ಬರಬೇಕಾದ ನೇರಳೆ ಇಲ್ಲ. ನಿಧಾನವಾಗಿ ಬಂದ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಗೆ ಮೆಲ್ಲಗೆ ತೆಳುವಾಗುತ್ತಾ ಹೋಗುತ್ತೆ, ಉಬ್ಬಿದ ಅಕ್ಷರಗಳ ಬುಡದಲ್ಲಿ ಸ್ವಲ್ಪ ಬೇರೆಯಾಗುತ್ತೆ. ನನ್ನದರಲ್ಲಿ ಬಯಲು, ಅಕ್ಷರ, ಗಾಂಧಿ ಕಿವಿ ಎಲ್ಲದರ ಮೇಲೂ ಬಣ್ಣ ಒಂದೇ ಬೀಸಿಗೆ ಹರಿದುಹೋಗಿದೆ. ಇನ್ನೊಂದು, ಕನ್ನಡಿಯ ಮೇಲೆ ಬಿದ್ದ ಸಣ್ಣ ಗೀರುಗಳ ಒಳಗೂ ಅದೇ ಬಣ್ಣ. ಅಂದರೆ ಮೊದಲು ಯಾರೋ ಒರೆಸಿದ್ದಾರೆ, ಆಮೇಲೆ ಆ ಗೀರು ಮುಚ್ಚೋಕೆ ಬಣ್ಣ ಬಂದಿದೆ. ಇವುಗಳಲ್ಲಿ ಒಂದೊಂದೇ ಲಕ್ಷಣ ಸಾಕ್ಷಿಯಾಗಲ್ಲ. ಮೂರೂ ಸೇರಿದರೆ ನನಗೆ ಅನುಮಾನ ಉಳಿಯಲಿಲ್ಲ.

ಆದರೂ ಅದು ನನ್ನ ಅಭಿಪ್ರಾಯವೇ. ನಾಣ್ಯಕ್ಕೆ ದರ್ಜೆ ಕೊಡುವ ಅಮೆರಿಕದ ಪಿಸಿಜಿಎಸ್‌ನಂಥ ದೊಡ್ಡ ಸಂಸ್ಥೆ ಕೂಡ ಇಂಥದ್ದಕ್ಕೆ ‘ಪ್ರಶ್ನಾರ್ಹ ಬಣ್ಣ’ ಅಂತ ಬರೆದು ದರ್ಜೆಯ ಅಂಕಿ ಕೊಡದೆ ವಾಪಸ್ ಕಳಿಸುತ್ತೆ. ಪದ ಗಮನಿಸಿ, ‘ಪ್ರಶ್ನಾರ್ಹ’. ಚಿನ್ನಕ್ಕಾದರೆ ಒರೆಗಲ್ಲಿದೆ, ಗೆರೆ ಎಳೆದು ಆಸಿಡ್ ಹನಿ ಬಿಟ್ಟರೆ ಗೊತ್ತಾಗುತ್ತೆ. ಬಣ್ಣಕ್ಕೆ ಒರೆಗಲ್ಲಿಲ್ಲ. ಟ್ರಂಕಿನ ಗಂಧಕವೂ ಮೊಟ್ಟೆಯ ಗಂಧಕವೂ ಕಟ್ಟಿದ್ದು ಒಂದೇ ಸಲ್ಫೈಡ್.

ಇಲ್ಲಿಂದಲೇ ನನ್ನ ತಕರಾರು ಶುರುವಾಗೋದು. ಮಾರುವವರ ಮೊದಲ ವಾದ: “ಎರಡೂ ಒಂದೇ ರಸಾಯನ ಅಂದಮೇಲೆ ಮೋಸ ಎಲ್ಲಿ ಬಂತು?” ಮೋಸ ರಸಾಯನದಲ್ಲಿಲ್ಲ, ಕತೆಯಲ್ಲಿದೆ. ನಾನು ದುಡ್ಡು ಕೊಟ್ಟಿದ್ದು ಸಲ್ಫೈಡ್‌ಗಲ್ಲ, ನಲವತ್ತು ವರ್ಷಕ್ಕೆ. ಆ ನಲವತ್ತು ವರ್ಷವೇ ಇಲ್ಲ ಅಂದಮೇಲೆ ನನಗೆ ಸಿಕ್ಕಿದ್ದು ಖಾಲಿ ಡಬ್ಬಿ. ಇದಕ್ಕೆ ಉದಾಹರಣೆ ನಮ್ಮ ಟಂಕಸಾಲೆಗಳಲ್ಲೇ ಇದೆ. ಬ್ರಿಟಿಷರ ಕಾಲದ ನಾಣ್ಯಗಳನ್ನು ಬಾಂಬೆ, ಕಲ್ಕತ್ತ ಟಂಕಸಾಲೆಗಳು ಸಂಗ್ರಹಕಾರರಿಗಾಗಿ ಎಷ್ಟೋ ವರ್ಷಗಳ ನಂತರ ಮತ್ತೆ ಹೊಡೆದು ಕೊಟ್ಟವು. ಅವನ್ನು ರೀಸ್ಟ್ರೈಕ್ ಅಂತ ಹೆಸರು ಹೇಳಿಯೇ ಮಾರ್ತಾರೆ, ಕೊಳ್ಳೋರು ಖುಷಿಯಿಂದಲೇ ಕೊಳ್ತಾರೆ. ‘ನಾನೇ ಬಣ್ಣ ಹಾಕಿದ್ದು’ ಅಂತ ಚೀಟಿ ಅಂಟಿಸಿ ಮಾರಿದರೆ ನನ್ನದೇನೂ ದೂರಿಲ್ಲ. ಯಾರೂ ಅಂಟಿಸಲ್ಲ, ಯಾಕೆಂದರೆ ಅಂಟಿಸಿದ ತಕ್ಷಣ ಬೆಲೆ ಮೂರನೇ ಒಂದಕ್ಕೆ ಇಳಿಯುತ್ತೆ.

ಎರಡನೇ ವಾದ ಕೊಳ್ಳುವ ನಮ್ಮದು: “ನ್ಯಾಚುರಲ್ ಟೋನಿಂಗ್ ಅಂದ್ರೆ ಪ್ರಕೃತಿ ಬರೆದ ಚಿತ್ರ.” ಕೇಳೋಕೆ ಚೆನ್ನಾಗಿದೆ. ಆದರೆ ಪ್ರೂಫ್ ನಾಣ್ಯದ ವಿಷಯದಲ್ಲಿ ಈ ಮಾತು ನನಗೀಗ ರುಚಿಸುತ್ತಿಲ್ಲ. ತಾನಾಗಿ ಬಂದ ಬಣ್ಣವೂ ಬೆಳ್ಳಿಯನ್ನು ತಿಂದೇ ಬರೋದು. ಟಂಕಸಾಲೆ ಕಷ್ಟಪಟ್ಟು ಮಾಡಿದ ಕನ್ನಡಿಯನ್ನು ಅದು ಮಂಕು ಮಾಡುತ್ತೆ, ಬಿಟ್ಟರೆ ಕಪ್ಪಿನ ಕಡೆಗೇ ಹೋಗುತ್ತೆ. ದ್ರಾವಣದಲ್ಲಿ ಅದ್ದಿ ತೆಗೆದರೆ ಬಣ್ಣದ ಜೊತೆ ಹೊಳಪೂ ಹೋಗುತ್ತೆ. ಹೀಗಿರುವಾಗ ಬಣ್ಣಕ್ಕೆ ಮೂರು ಪಟ್ಟು ಕೊಡುವ ನಾವೇ ಆ ಮೊಟ್ಟೆ ಡಬ್ಬಿಗೆ ಬೆಂಕಿ ಹಚ್ಚಿ ಕೊಟ್ಟವರು. ಶುಭ್ರವಾದ ಪ್ರೂಫ್ ಪಕ್ಕದಲ್ಲೇ ಇದ್ದರೂ ‘ಸಪ್ಪೆ’ ಅಂತ ಮೂಗು ಮುರಿದವನು ನಾನೇ. ಬಂಗಾರಪೇಟೆ ಪಾನಿಪುರಿಯ ನೀರು ಕುಡಿಯೋ ನೀರಿನಷ್ಟೇ ತಿಳಿಯಾಗಿರುತ್ತೆ. ಹೊಸಬರು ‘ಬಣ್ಣಾನೇ ಇಲ್ವಲ್ಲ’ ಅಂತಾರೆ, ಒಂದು ಪೂರಿ ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು. ಆ ಊರಿನ ಪಕ್ಕದವನಾಗಿ ನನಗೆ ಈ ತಪ್ಪು ಆಗಬಾರದಿತ್ತು.

ಮೂರನೆಯದು ವಾದವಲ್ಲ, ನನ್ನ ಹೊಟ್ಟೆಯುರಿ. ಆ ಕತೆಗೆ ಕೆಜಿಎಫ್ ಅಂತಲೇ ಯಾಕೆ ಹೆಸರಿಡಬೇಕಿತ್ತು? 2018ರಲ್ಲಿ ಸಿನಿಮಾ ಬಂದಮೇಲೆ ಆ ಮೂರಕ್ಷರಕ್ಕೆ ಬೆಲೆ ಬಂದಿದೆ. ಜನ ಬಂದು ಸೈನೈಡ್ ದಿಬ್ಬದ ಹತ್ತಿರ ಫೋಟೋ ತೆಗೆಸಿಕೊಂಡು ಹೋಗ್ತಾರೆ. ಸಿನಿಮಾದವರು ಇದು ಕಲ್ಪನೆ ಅಂತ ಹೇಳಿಯೇ ತೋರಿಸಿದರು, ಅದರಲ್ಲಿ ತಪ್ಪಿಲ್ಲ. ಆದರೆ ಯಾವ ಮನೆಗೂ ಹೋಗದೆ, ಯಾವ ಟ್ರಂಕನ್ನೂ ತೆರೆಯದೆ, ‘ಗಣಿ ಕಾರ್ಮಿಕರ ಮನೆಯದು’ ಅಂತ ಹೇಳಿ ಮಾರೋದು ಬೇರೆ. ಗಣಿಯೊಳಗೆ ಇಳಿದು ಬೆವರು ಸುರಿಸಿದ ಒಬ್ಬ ತಾತನ ನಲವತ್ತು ವರ್ಷವನ್ನು, ಅವರಿಗೆ ಒಂದು ಪೈಸೆಯೂ ಸೇರದಂತೆ, ಬೇರೆ ಯಾರೋ ನಗದು ಮಾಡಿಕೊಂಡ ಹಾಗೆ ನನಗನ್ನಿಸಿತು.

ವಾಪಸ್ ಕೊಡೋಕೆ ಹೋದೆ. “ನೋಡಿ ತಾನೇ ತಗೊಂಡಿದ್ದು ಸಾರ್?” ಅಂದರು. ನೋಡಿಯೇ ತಗೊಂಡಿದ್ದೆ.

ನೀವು ಕೊಳ್ಳೋರಾದರೆ ನನ್ನಿಂದ ಎರಡೇ ಮಾತು. ಬಣ್ಣಕ್ಕೆ ಹೆಚ್ಚು ಕೇಳಿದರೆ ಹಿಂದೆ ಯಾರ ಹತ್ತಿರ, ಯಾವುದರಲ್ಲಿ ಇಟ್ಟಿತ್ತು ಅಂತ ಕೇಳಿ, ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಪಕ್ಕದಲ್ಲಿರೋ ಬಿಳಿ ನಾಣ್ಯ ತಗೊಂಡು ಬನ್ನಿ, ಅದು ಏನು ಅಂತ ಅದೇ ಹೇಳುತ್ತೆ.

ಗೆಳೆಯನ ತಾತನ ನಾಣ್ಯ ಕೊಡ್ತೀಯಾ ಅಂತ ಒಂದು ಸಲ ಕೇಳಿದೆ. ಅವನು ಅದನ್ನು ಅದೇ ಪೇಪರಿನಲ್ಲಿ ಸುತ್ತೋಕೆ ಹೋದಾಗ ತಡೆದು, ಪೇಪರ್ ಬೇರೆ ಇಡು, ನಾಣ್ಯ ಬೇರೆ ಇಡು ಅಂತ ಗಂಧಕವಿಲ್ಲದ ಒಂದು ಕವರ್ ಕೊಟ್ಟು ಬಂದೆ. ನನ್ನ ಹೋಳಿ ನಾಣ್ಯ ನನ್ನ ಹತ್ತಿರವೇ ಇದೆ. ಡಬ್ಬಿಯ ಒಳಗೆ ಚೀಟಿ ಹಾಕಿದೀನಿ: ‘1969, ಪ್ರೂಫ್, ಒರೆಸಿದ ಮೇಲೆ ಬಣ್ಣ ಹಾಕಿದ್ದು.’ ನನ್ನ ನಂತರ ಇದು ಯಾರ ಕೈಗೆ ಹೋದರೂ ಚೀಟಿಯೂ ಜೊತೆಗೆ ಹೋಗಲಿ ಅಂತ.